ಸದ್ದು ಉಂಟು, ಚಿತ್ರ ಇಲ್ಲ

ಆಟ ಶುರುವಾಗಿದೆ. ಸಂಗೀತ ಕೇಳಿಸುತ್ತಿದೆ, ಬಾಣದ ಕೀ ಒತ್ತಿದರೆ ಮೆನು ಸರಿದ ಟಿಕ್ ಸದ್ದೂ ಬರುತ್ತಿದೆ. ಪರದೆ ಮಾತ್ರ ಕಪ್ಪು. ವಿಂಡೋಸ್‌ಗೆಂದು ಬರೆದ ಆಟವನ್ನು ಲಿನಕ್ಸ್‌ನಲ್ಲಿ ಓಡಿಸಲು ಹೊರಟವರಿಗೆ ಒಂದಲ್ಲ ಒಂದು ದಿನ ಇದು ಎದುರಾಗುತ್ತದೆ. ಹೆಚ್ಚಿನವರು ಅಲ್ಲಿಗೇ ಕೈಚೆಲ್ಲುತ್ತಾರೆ. ಇನ್ನು ಕೆಲವರು ಎಲ್ಲೋ ಸಿಕ್ಕ ಹತ್ತಾರು ಸೆಟ್ಟಿಂಗ್‌ಗಳನ್ನು ಒಟ್ಟಿಗೇ ತುಂಬಿ ನೋಡುತ್ತಾರೆ. ಎರಡೂ ಬೇಡ. ಆ ಕಪ್ಪು ಪರದೆ ಆಗಲೇ ಅರ್ಧ ಸಂಗತಿಯನ್ನು ಹೇಳಿಬಿಟ್ಟಿದೆ.

ಸದ್ದು ಬಂತು ಎಂದರೆ ಆಟದ ಕಡತಗಳು ತೆರೆದುಕೊಂಡಿವೆ, ಪ್ರೋಗ್ರಾಮ್ ಓಡುತ್ತಿದೆ, ಕೀಬೋರ್ಡಿನ ಮಾತು ಅದಕ್ಕೆ ತಲುಪುತ್ತಿದೆ, ಅದರ ಉತ್ತರ ಸ್ಪೀಕರಿಗೂ ಬರುತ್ತಿದೆ. ಮುರಿದಿರುವುದು ಚಿತ್ರ ಸಾಗುವ ದಾರಿ ಮಾತ್ರ. ಆ ದಾರಿಯಲ್ಲಿ ನಾಲ್ಕೈದು ಕೈಗಳಿವೆ. ಯಾವ ಕೈಯಲ್ಲಿ ಚಿತ್ರ ಕಳೆದುಹೋಯಿತು ಎಂಬುದನ್ನು ಕಂಡುಕೊಂಡರೆ ರಿಪೇರಿ ಬಹುಪಾಲು ಮುಗಿದ ಹಾಗೆ. ಗ್ರಾಫಿಕ್ಸ್ ತೊಂದರೆಗಳಲ್ಲಿ ಪ್ರತಿಯೊಂದು ಕೈಯೂ ತನ್ನದೇ ಗುರುತು ಬಿಟ್ಟುಹೋಗುತ್ತದೆ. ಅದನ್ನು ಓದಲು ಕಲಿಯಬಹುದು.

ಮೊದಲು ದಾರಿಯನ್ನು ನೋಡೋಣ. ವೈನ್ ಎಂಬ ತಂತ್ರಾಂಶವನ್ನು ಬಾಬ್ ಆಮ್‌ಸ್ಟಾಟ್ ಮತ್ತು ಎರಿಕ್ ಯಂಗ್‌ಡೇಲ್ 1993ರಲ್ಲಿ ಆರಂಭಿಸಿದರು. ಮರುವರ್ಷ ಅದರ ಹೊಣೆ ಅಲೆಕ್ಸಾಂಡ್ರ್ ಜೂಲಿಯಾರ್ ಅವರ ಕೈಗೆ ಬಂತು. 1.0 ಎಂಬ ಆವೃತ್ತಿ ಹೊರಬಂದದ್ದು 2008ರ ಜೂನ್‌ನಲ್ಲಿ, ಅಂದರೆ 15 ವರ್ಷಗಳ ದುಡಿಮೆಯ ಮೇಲೆ. ವೈನ್ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಕಟ್ಟುವುದಿಲ್ಲ. ವಿಂಡೋಸ್ ಆಟವಾಗಲಿ ಲಿನಕ್ಸ್ ಆಟವಾಗಲಿ, ಪ್ರೊಸೆಸರ್ ಓದುವ ಯಂತ್ರಭಾಷೆ ಒಂದೇ. ಆದ್ದರಿಂದ ಆಟ ನೇರವಾಗಿ ಪ್ರೊಸೆಸರ್ ಮೇಲೆಯೇ ಓಡುತ್ತದೆ. ಬೇರೆಯಾಗುವುದು ಆಪರೇಟಿಂಗ್ ಸಿಸ್ಟಮ್ಮಿನಿಂದ ಅದು ಕೇಳುವ ನೆರವು. ಕಡತ ತೆರೆದುಕೊಡು, ಕಿಟಕಿ ತೋರಿಸು, ಸದ್ದು ಹೊರಡಿಸು ಎಂದು ಆಟ ವಿಂಡೋಸ್‌ನ ರೀತಿಯಲ್ಲಿ ಕೇಳುತ್ತದೆ. ಲಿನಕ್ಸ್‌ನಿಂದ ಅದನ್ನು ಮಾಡಿಸಿಕೊಡುವುದು ವೈನ್.

ಕಡತ, ಕಿಟಕಿ, ಸದ್ದುಗಳ ಮಟ್ಟಿಗೆ ಇದು ತಾಳ್ಮೆಯ ಕೆಲಸ. ಚಿತ್ರದ ವಿಷಯದಲ್ಲಿ ತಾಳ್ಮೆಯೊಂದೇ ಸಾಲದು. ಆಟಗಳು ಚಿತ್ರ ಬಿಡಿಸಲು ಬಳಸುವುದು ಮೈಕ್ರೋಸಾಫ್ಟ್‌ನ ಡೈರೆಕ್ಟ್3ಡಿ. ಲಿನಕ್ಸ್‌ನಲ್ಲಿ ಹಿಂದೆ ಇದ್ದದ್ದು ಓಪನ್‌ಜಿಎಲ್. ಎರಡೂ ತ್ರಿಕೋನಗಳನ್ನೇ ಬಿಡಿಸುತ್ತವೆ, ಆದರೆ ಲೆಕ್ಕಗಳು ಹೊಂದುವುದಿಲ್ಲ. ಒಂದು ವಸ್ತು ಎಷ್ಟು ದೂರದಲ್ಲಿದೆ ಎಂಬುದನ್ನು ಡೈರೆಕ್ಟ್3ಡಿ 0ಯಿಂದ 1ರವರೆಗೆ ಅಳೆದರೆ, ಓಪನ್‌ಜಿಎಲ್‌ಗೆ ಹುಟ್ಟಿನಿಂದ ಬಂದ ಅಳತೆ -1ರಿಂದ 1. ಒಂದು ಚಿತ್ರದ ಮೇಲಿನ ಮೂಲೆಯಿಂದ ಸಾಲು ಎಣಿಸಿದರೆ ಇನ್ನೊಂದು ಕೆಳಗಿನ ಮೂಲೆಯಿಂದ ಎಣಿಸುತ್ತದೆ. ಡೈರೆಕ್ಟ್3ಡಿ 9ರಲ್ಲಂತೂ ಪಿಕ್ಸೆಲ್‌ನ ನಡುಬಿಂದುವೇ ಅರ್ಧ ಪಿಕ್ಸೆಲ್‌ನಷ್ಟು ಪಕ್ಕಕ್ಕೆ ಸರಿದಿದೆ. ಇವುಗಳಲ್ಲಿ ಒಂದನ್ನು ಸರಿದೂಗಿಸಲು ಮರೆತರೂ ಚಿತ್ರ ತಲೆಕೆಳಗಾಗುತ್ತದೆ, ಅಕ್ಷರಗಳು ಮಸುಕಾಗುತ್ತವೆ, ಹತ್ತಿರದ ಗೋಡೆಯನ್ನು ದಾಟಿಕೊಂಡು ಹಿಂದಿನ ಬೆಟ್ಟ ಕಾಣಿಸುತ್ತದೆ.

2016ರ ಫೆಬ್ರವರಿಯಲ್ಲಿ ಕ್ರೋನೋಸ್ ಒಕ್ಕೂಟ ವಲ್ಕನ್‌ನ ಮೊದಲ ಆವೃತ್ತಿಯನ್ನು ಬಿಡುಗಡೆ ಮಾಡಿದ ಮೇಲೆ ಪರಿಸ್ಥಿತಿ ಬದಲಾಯಿತು. ಅದು ಗ್ರಾಫಿಕ್ಸ್ ಕಾರ್ಡಿಗೆ ತೀರಾ ಹತ್ತಿರದ ಏರ್ಪಾಡು. ತಾನಾಗಿ ಏನನ್ನೂ ಊಹಿಸಿಕೊಳ್ಳುವುದಿಲ್ಲ, ಹೇಳಿದ್ದನ್ನಷ್ಟೇ ಮಾಡುತ್ತದೆ. ಇದರ ಮೇಲೆ ಫಿಲಿಪ್ ರೆಬೋಲೆ ಎಂಬ ಪ್ರೋಗ್ರಾಮರ್ ಡಿಎಕ್ಸ್‌ವಿಕೆ ಕಟ್ಟಿದರು. ಡೈರೆಕ್ಟ್3ಡಿ 11ರ ಕರೆಗಳನ್ನು ವಲ್ಕನ್‌ಗೆ ತಿರುಗಿಸುವ ಕೆಲಸದಿಂದ ಆರಂಭವಾದ ಅದು ಮುಂದೆ 10 ಮತ್ತು 9ನ್ನೂ ಒಳಗೊಂಡಿತು. ವಾಲ್ವ್ ಕಂಪನಿ 2018ರ ಆಗಸ್ಟ್‌ನಲ್ಲಿ ವೈನ್, ಡಿಎಕ್ಸ್‌ವಿಕೆ ಮುಂತಾದವನ್ನೆಲ್ಲ ಒಂದೇ ಕಟ್ಟಾಗಿಸಿ ಪ್ರೋಟಾನ್ ಎಂದು ಹೊರತಂದಿತು. 2022ರ ಫೆಬ್ರವರಿಯಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಕೈಯಂತ್ರ ನಿಂತಿರುವುದು ಇದರ ಮೇಲೆಯೇ. ಡೈರೆಕ್ಟ್3ಡಿ 12ಕ್ಕೆ ಬೇರೆ ಅನುವಾದಕ ಇದೆ, ವಿಕೆಡಿ3ಡಿ. ಅದಕ್ಕೆ ತಳಪಾಯ ಹಾಕಿದವರಲ್ಲಿ ಮುಖ್ಯರಾದ ಯೂಝೆಫ್ ಕುಚಾ 2019ರ ಆಗಸ್ಟ್‌ನಲ್ಲಿ ಪೋಲೆಂಡ್‌ನ ಗುಹೆಯೊಂದರಲ್ಲಿ ನಡೆದ ಅವಘಡದಲ್ಲಿ ತೀರಿಕೊಂಡರು. ಅವರು ಬರೆದ ಸಾಲುಗಳ ಮೇಲೆಯೇ ಹ್ಯಾನ್ಸ್-ಕ್ರಿಸ್ಟಿಯನ್ ಆರ್ನ್‌ಟ್ಸೆನ್ ಮತ್ತು ಜೊತೆಯವರು ಪ್ರೋಟಾನ್‌ಗೆಂದು ಅದನ್ನು ಬೆಳೆಸಿದರು.

ಹೀಗಾಗಿ ಇವತ್ತು ಒಂದು ತ್ರಿಕೋನದ ಪಯಣ ಹೀಗಿದೆ: ಆಟ ಡೈರೆಕ್ಟ್3ಡಿಗೆ ಹೇಳುತ್ತದೆ, ಡಿಎಕ್ಸ್‌ವಿಕೆ ಅದನ್ನು ವಲ್ಕನ್ ಆಗಿಸುತ್ತದೆ, ಡ್ರೈವರ್ ಅದನ್ನು ಕಾರ್ಡಿಗೆ ತಿಳಿಯುವ ಆಜ್ಞೆಗಳಾಗಿಸುತ್ತದೆ, ಲಿನಕ್ಸ್‌ನ ತಿರುಳಾದ ಕರ್ನಲ್ ಆ ಆಜ್ಞೆಗಳ ಸರಣಿಯನ್ನು ಕಾರ್ಡಿಗೆ ಕಳಿಸುತ್ತದೆ. ಪ್ರತಿ ಪಿಕ್ಸೆಲ್‌ಗೆ ಯಾವ ಬಣ್ಣ ಎಂದು ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಮುಗಳಾದ ಶೇಡರ್‌ಗಳೂ ಇದೇ ದಾರಿಯಲ್ಲಿ ಎರಡು ಬಾರಿ ಭಾಷೆ ಬದಲಿಸುತ್ತವೆ. ಮೈಕ್ರೋಸಾಫ್ಟ್‌ನ ಬೈಟ್‌ಕೋಡ್ ಮೊದಲು ವಲ್ಕನ್‌ನ ಸ್ಪಿರ್-ವಿ ಆಗುತ್ತದೆ, ಆಮೇಲೆ ಆಯಾ ಕಾರ್ಡಿನ ಯಂತ್ರಭಾಷೆಯಾಗುತ್ತದೆ.

ಈಗ ಕಪ್ಪು ಪರದೆಗೆ ಮರಳೋಣ. ಮೊದಲು ಕೇಳಬೇಕಾದ ಪ್ರಶ್ನೆ ತೀರಾ ಸರಳ: ಚಿತ್ರ ಬಿಡಿಸುತ್ತಿರುವವರು ಯಾರು? ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಎರಡು ಗ್ರಾಫಿಕ್ಸ್ ಚಿಪ್‌ಗಳಿರುತ್ತವೆ. ಪ್ರೊಸೆಸರಿನೊಳಗೇ ಕೂತಿರುವ ಸಣ್ಣದೊಂದು, ಬೇರೆಯಾಗಿ ಕೂರಿಸಿದ ದೊಡ್ಡದೊಂದು. ಸಾಲದ್ದಕ್ಕೆ ಮೂರನೆಯವನೊಬ್ಬನಿದ್ದಾನೆ. ಯಾವ ಡ್ರೈವರೂ ಸಿಗದಿದ್ದಾಗ ಮೆಸಾ ಎಂಬ ಮುಕ್ತ ಗ್ರಾಫಿಕ್ಸ್ ಸಂಗ್ರಹ ಪ್ರೊಸೆಸರಿನಿಂದಲೇ ಲೆಕ್ಕ ಹಾಕಿಸಿ ಚಿತ್ರ ಬಿಡಿಸುವ ಏರ್ಪಾಡನ್ನು ಇಟ್ಟುಕೊಂಡಿದೆ. ಓಪನ್‌ಜಿಎಲ್‌ಗೆ ಅದು ಎಲ್‌ಎಲ್‌ವಿಎಂ-ಪೈಪ್, ವಲ್ಕನ್‌ಗೆ ಲಾವಾಪೈಪ್. ಆಟ ಸೆಕೆಂಡಿಗೆ ಎರಡು ಮೂರು ಫ್ರೇಮುಗಳಂತೆ ತೆವಳುತ್ತಾ, ಪ್ರೊಸೆಸರಿನ ಫ್ಯಾನ್ ಜೋರಾಗಿ ತಿರುಗಿ, ಗ್ರಾಫಿಕ್ಸ್ ಕಾರ್ಡ್ ಮಾತ್ರ ತಣ್ಣಗಿದ್ದರೆ ಅಲ್ಲಿ ದುಡಿಯುತ್ತಿರುವುದು ಈ ಮೂರನೆಯವನೇ.

ಊಹಿಸುವ ಅಗತ್ಯವಿಲ್ಲ. ಡಿಎಕ್ಸ್‌ವಿಕೆಯಲ್ಲಿ ಹಡ್ ಎಂಬ ಸೌಲಭ್ಯವಿದೆ. ಆಟ ಆರಂಭಿಸುವ ಆಜ್ಞೆಯ ಜೊತೆ ಅದನ್ನು ಚಾಲೂ ಮಾಡಿದರೆ ಪರದೆಯ ಎಡ ಮೇಲ್ಮೂಲೆಯಲ್ಲಿ ಸಣ್ಣ ಅಕ್ಷರಗಳು ಮೂಡುತ್ತವೆ: ಕಾರ್ಡಿನ ಹೆಸರು, ಡ್ರೈವರಿನ ಆವೃತ್ತಿ, ಸೆಕೆಂಡಿಗೆ ಎಷ್ಟು ಫ್ರೇಮು. ಆ ಮೂರು ಸಾಲು ಎಷ್ಟೋ ಗಂಟೆಗಳ ಪರದಾಟವನ್ನು ಉಳಿಸುತ್ತವೆ. ಅಲ್ಲಿ ದೊಡ್ಡ ಕಾರ್ಡಿನ ಬದಲು ಸಣ್ಣದರ ಹೆಸರಿದ್ದರೆ ಕೆಲಸ ಯಾರಿಗೆ ಹೋಗಬೇಕೆಂದು ಹೇಳಿಕೊಟ್ಟರೆ ಸಾಕು. ಅಕ್ಷರಗಳೇ ಮೂಡಲಿಲ್ಲವೆಂದರೆ ಅದೂ ಒಂದು ಉತ್ತರ. ಆಟ ಡಿಎಕ್ಸ್‌ವಿಕೆಯ ಬಾಗಿಲಿಗೆ ಬಂದೇ ಇಲ್ಲ, ಅಥವಾ ಬಂದು ಒಳಗೆ ಕಾಲಿಡಲಾಗದೆ ನಿಂತಿದೆ.

ಒಳಗೆ ಕಾಲಿಡಲಾಗದ್ದಕ್ಕೆ ಹೆಚ್ಚಾಗಿ ಕಾಣುವ ಕಾರಣಗಳು ಮೂರು. ಹಳೆಯ ಆಟಗಳು 32 ಬಿಟ್‌ನವು, ಡ್ರೈವರಿನ 64 ಬಿಟ್ ಭಾಗ ಮಾತ್ರ ಇನ್‌ಸ್ಟಾಲ್ ಆಗಿದ್ದರೆ ಅವಕ್ಕೆ ಡ್ರೈವರೇ ಕಾಣುವುದಿಲ್ಲ. ಹೊಸ ಆಟ ಸಲೀಸಾಗಿ ಓಡಿ 2005ರ ಆಟ ಮಾತ್ರ ಏಳದಿದ್ದರೆ ಮೊದಲು ಇದನ್ನೇ ಅನುಮಾನಿಸಬೇಕು. ವೈನ್ ಈಚೆಗೆ 64 ಬಿಟ್ ಭಾಗದಿಂದಲೇ 32 ಬಿಟ್ ಆಟವನ್ನೂ ನಡೆಸುವ ಹಾದಿ ಹಿಡಿದಿದೆ, ಆದರೆ ಎಲ್ಲ ಕಡೆ ಅದಿನ್ನೂ ಬಳಕೆಗೆ ಬಂದಿಲ್ಲ. ಎರಡನೆಯದು ಎನ್‌ವಿಡಿಯಾ ಕಾರ್ಡಿದ್ದವರಿಗೆ ಬಲು ಪರಿಚಿತ. ಡ್ರೈವರ್ ಅಪ್‌ಡೇಟ್ ಆಗಿದೆ, ಯಂತ್ರ ಮಾತ್ರ ರೀಸ್ಟಾರ್ಟ್ ಆಗಿಲ್ಲ. ಕರ್ನಲ್‌ನೊಳಗೆ ಹಳೆಯ ತುಂಡು ಓಡುತ್ತಿದೆ, ಹೊರಗೆ ಡಿಸ್ಕಿನಲ್ಲಿ ಹೊಸ ತುಂಡು ಕೂತಿದೆ. ಎರಡೂ ಒಂದೇ ಆವೃತ್ತಿಯವಾಗಿರಲೇಬೇಕೆಂಬ ನಿಯಮವಿರುವುದರಿಂದ ಮಾತುಕತೆ ಮುರಿದುಬೀಳುತ್ತದೆ. ನಿನ್ನೆ ಓಡುತ್ತಿದ್ದ ಆಟ ಇವತ್ತು ನಿಂತಿತು ಎಂದವರು ಬೇರೇನನ್ನೂ ಮುಟ್ಟುವ ಮೊದಲು ಒಮ್ಮೆ ರೀಸ್ಟಾರ್ಟ್ ಮಾಡುವುದು ಒಳ್ಳೆಯದು.

ಮೂರನೆಯದಕ್ಕೆ ಸುಲಭದ ಪರಿಹಾರವಿಲ್ಲ. 2022ರ ನವೆಂಬರ್‌ನಲ್ಲಿ ಬಂದ ಡಿಎಕ್ಸ್‌ವಿಕೆ 2.0 ವಲ್ಕನ್ 1.3 ಬೇಕೇ ಬೇಕು ಎನ್ನುತ್ತದೆ. ಹತ್ತು ಹನ್ನೆರಡು ವರ್ಷ ಹಿಂದಿನ ಹಲವು ಕಾರ್ಡುಗಳಿಗೆ ಆ ಮಟ್ಟದ ಡ್ರೈವರ್ ಇಲ್ಲ. ಎನ್‌ವಿಡಿಯಾದ ಕೆಪ್ಲರ್ ಪೀಳಿಗೆಯ ಡ್ರೈವರ್ ವಲ್ಕನ್ 1.2ಕ್ಕೇ ನಿಂತುಹೋಯಿತು. ಇಂಟೆಲ್‌ನ ಹಾಸ್ವೆಲ್ ಪೀಳಿಗೆಯ ಚಿಪ್ಪಿದ್ದರೆ ವಲ್ಕನ್ ಬೆಂಬಲ ಅಪೂರ್ಣ ಎಂದು ಮೆಸಾ ತಾನಾಗಿಯೇ ಎಚ್ಚರಿಸುತ್ತದೆ. ಇಂಥ ಯಂತ್ರವಿರುವವರು ಡಿಎಕ್ಸ್‌ವಿಕೆಯ 1.10 ಸಾಲಿನ ಹಳೆಯ ಆವೃತ್ತಿಗೆ ಇಳಿಯಬಹುದು, ಇಲ್ಲವೇ ವೈನ್‌ನೊಳಗೇ ಇರುವ ಓಪನ್‌ಜಿಎಲ್ ದಾರಿಗೆ ಹೊರಳಬಹುದು. ಪ್ರೋಟಾನ್‌ನಲ್ಲಿ ಅದಕ್ಕೊಂದು ಸೆಟ್ಟಿಂಗ್ ಇದೆ. ವೇಗ ಕಡಿಮೆಯಾಗುತ್ತದೆ, ಆದರೆ ಹಳೆಯ ಆಟಗಳಿಗೆ ಎಷ್ಟೋ ಸಲ ಅಷ್ಟು ಸಾಕು. ಹಳೆಯ ಯಂತ್ರಕ್ಕೆ ಹೊಸ ಆವೃತ್ತಿಯೇ ಒಳ್ಳೆಯದೆಂದು ನಂಬಿ ಒದ್ದಾಡುವುದರಲ್ಲಿ ಅರ್ಥವಿಲ್ಲ.

ಚಿತ್ರ ಬಂತು, ಆದರೆ ತಪ್ಪಾಗಿ ಬಂತು. ನನ್ನ ಮಟ್ಟಿಗೆ ಈ ವಿಷಯದ ಅತಿ ಸ್ವಾರಸ್ಯದ ಭಾಗ ಶುರುವಾಗುವುದು ಇಲ್ಲಿ. ಡೈರೆಕ್ಟ್3ಡಿ 9 ಕಾಲದ ಆಟವೊಂದನ್ನು ಊಹಿಸಿಕೊಳ್ಳಿ. ಸಂಜೆಯ ಬೆಳಕು, ನೀರಿನ ಮೇಲೆ ಹೊಳಪು. ಕ್ಯಾಮೆರಾ ಒಂದು ನಿರ್ದಿಷ್ಟ ಕೋನಕ್ಕೆ ತಿರುಗಿದಾಗ ಮಾತ್ರ ಪರದೆಯ ನಡುವೆ ಅಂಗೈಯಗಲದ ಕಪ್ಪು ಚೌಕವೊಂದು ಮಿಂಚಿ ಮರೆಯಾಗುತ್ತದೆ. ಇನ್ನೊಂದಿಷ್ಟು ತಿರುಗಿದರೆ ಚೌಕಗಳು ನಾಲ್ಕಾಗುತ್ತವೆ. ಕಾರ್ಡ್ ಕೆಟ್ಟಿರಬೇಕೆಂದು ಎಂಥವರಿಗೂ ಅನ್ನಿಸುತ್ತದೆ. ಕೆಟ್ಟಿರುವುದು ಒಂದು ಗುಣಾಕಾರ.

ಸೊನ್ನೆಯನ್ನು ಅನಂತದಿಂದ ಗುಣಿಸಿದರೆ ಎಷ್ಟು? 1985ರಲ್ಲಿ ನಿಗದಿಯಾದ ಐಟ್ರಿಪಲ್‌ಇ 754 ಎಂಬ ಮಾನದಂಡದ ಪ್ರಕಾರ ಅದಕ್ಕೆ ಉತ್ತರವಿಲ್ಲ. ಸಂಖ್ಯೆಯೇ ಅಲ್ಲದ, ನ್ಯಾನ್ ಎಂದು ಕರೆಯುವ ವಿಶೇಷ ಬೆಲೆ ಬರುತ್ತದೆ. ಡೈರೆಕ್ಟ್3ಡಿ 9ರ ಕಾಲದ ಕಾರ್ಡುಗಳ ರೂಢಿ ಬೇರೆ: ಸೊನ್ನೆಯಿಂದ ಏನನ್ನು ಗುಣಿಸಿದರೂ ಸೊನ್ನೆ. ಆಗಿನ ಪ್ರೋಗ್ರಾಮರುಗಳು ಈ ಸೌಕರ್ಯವನ್ನು ನೆಚ್ಚಿಕೊಂಡೇ ಬರೆದರು, ಬರೆದವರಿಗೂ ಅದು ಗೊತ್ತಿರಲಿಲ್ಲವೇನೋ. ಬೆಳಕಿನ ದಿಕ್ಕನ್ನು ಲೆಕ್ಕ ಹಾಕುವಾಗ ಒಂದು ವೆಕ್ಟರನ್ನು ಅದರ ಉದ್ದದಿಂದ ಭಾಗಿಸಬೇಕಾಗುತ್ತದೆ. ಯಾವುದೋ ಒಂದು ಪಿಕ್ಸೆಲ್‌ನಲ್ಲಿ ಆ ಉದ್ದ ಸೊನ್ನೆಯಾಯಿತೆನ್ನಿ. ಒಂದನ್ನು ಸೊನ್ನೆಯಿಂದ ಭಾಗಿಸಿದಾಗ ಬಂದದ್ದು ಅನಂತ, ಅದನ್ನು ಸೊನ್ನೆಯಾಗಿರುವ ವೆಕ್ಟರಿಗೆ ಗುಣಿಸಿದರೆ ಹಳೆಯ ರೂಢಿಯಲ್ಲಿ ಸೊನ್ನೆ, ಹೊಸ ನಿಯಮದಲ್ಲಿ ನ್ಯಾನ್.

ಕೆಟ್ಟದ್ದು ಒಂದೇ ಪಿಕ್ಸೆಲ್ ಆಗಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಆದರೆ ಹೊಳೆಯುವ ವಸ್ತುವಿನ ಸುತ್ತ ಪ್ರಭೆ ತೋರಿಸಲು ಆಟಗಳು ಚಿತ್ರವನ್ನು ಅರ್ಧಕ್ಕೆ, ಕಾಲು ಭಾಗಕ್ಕೆ, ಇನ್ನೂ ಚಿಕ್ಕದಕ್ಕೆ ಕುಗ್ಗಿಸಿ ಅಕ್ಕಪಕ್ಕದ ಪಿಕ್ಸೆಲ್‌ಗಳ ಸರಾಸರಿ ತೆಗೆಯುತ್ತವೆ. ಸರಾಸರಿಯೊಳಗೆ ಒಂದೇ ಒಂದು ನ್ಯಾನ್ ಇದ್ದರೂ ಇಡೀ ಸರಾಸರಿ ನ್ಯಾನ್. ಕೊಡಪಾನ ಹಾಲಿಗೆ ಬಿದ್ದ ಹುಳಿ ಹನಿಯ ಹಾಗೆ ಅದು ಸುತ್ತಲಿನದನ್ನೆಲ್ಲ ಕೆಡಿಸುತ್ತದೆ. ಕುಗ್ಗಿಸಿದ ಚಿತ್ರವನ್ನು ಮತ್ತೆ ಹಿಗ್ಗಿಸಿದಾಗ ಆ ಒಂದು ಬಿಂದು ಅಂಗೈಯಗಲದ ಚೌಕವಾಗುತ್ತದೆ. ದೃಶ್ಯದ ಒಟ್ಟು ಬೆಳಕನ್ನು ಅಳೆದು ಮುಂದಿನ ಫ್ರೇಮಿಗೆ ದಾಟಿಸುವ ಆಟವಾದರೆ ಇನ್ನೂ ಕಷ್ಟ, ಒಮ್ಮೆ ಹೊಕ್ಕ ನ್ಯಾನ್ ಹೊರಗೆ ಹೋಗುವುದೇ ಇಲ್ಲ. ಅಲ್ಲಿಂದಾಚೆಗೆ ಪರದೆ ಪೂರ್ತಿ ಕಪ್ಪು.

ಡಿಎಕ್ಸ್‌ವಿಕೆಯನ್ನು ಬರೆದವರಿಗೆ ಇದು ಗೊತ್ತು. ಹಳೆಯ ಗುಣಾಕಾರದ ರೂಢಿಯನ್ನು ಹೊಸ ಕಾರ್ಡಿನ ಮೇಲೆ ಅನುಕರಿಸುವ ಸೆಟ್ಟಿಂಗನ್ನೇ ಅವರು ಇಟ್ಟಿದ್ದಾರೆ. ಒಂದು ಮಟ್ಟದಲ್ಲಿ ವೇಗ ಹೆಚ್ಚು, ನಿಖರತೆ ಸುಮಾರು, ಬಹುತೇಕ ಆಟಗಳಿಗೆ ಅದೇ ಸಾಕು. ಕಟ್ಟುನಿಟ್ಟಾದ ಮಟ್ಟದಲ್ಲಿ ಲೆಕ್ಕ ಹಳೆಯ ಕಾರ್ಡಿನಂತೆಯೇ, ಆದರೆ ನಿಧಾನ. ಎಎಂಡಿ ತನ್ನ ಚಿಪ್ಪುಗಳೊಳಗೆ ಸೊನ್ನೆಗುಣಾಕಾರದ ಹಳೆಯ ಪದ್ಧತಿಗೆಂದೇ ಒಂದು ಪ್ರತ್ಯೇಕ ಆಜ್ಞೆಯನ್ನು ಉಳಿಸಿಕೊಂಡು ಬಂದಿದೆ. 20 ವರ್ಷ ಹಿಂದಿನ ಆಟಗಳ ಸಂಜೆಬೆಳಕಿಗಾಗಿ ಸಿಲಿಕಾನ್‌ನಲ್ಲಿ ಒಂದಿಷ್ಟು ಜಾಗ ಮೀಸಲು! ಇದನ್ನು ಮೊದಲು ಓದಿದಾಗ ನನಗಾದ ಸಂತೋಷ ಇನ್ನೂ ಮಾಸಿಲ್ಲ.

ತಪ್ಪು ಚಿತ್ರಕ್ಕೆ ಇನ್ನೊಂದು ಮೂಲ ಆಟದೊಳಗೇ ಇರುತ್ತದೆ. ಆಟ ಕಾರ್ಡಿನ ಮೆಮೊರಿಯಲ್ಲಿ ಜಾಗ ಕೇಳಿ, ಅದನ್ನು ಒರೆಸದೆಯೇ ಅಲ್ಲಿ ಸೊನ್ನೆ ಇದೆಯೆಂದು ಭಾವಿಸಿಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಆ ಭಾವನೆ ನಿಜವಾಗಿಬಿಡುತ್ತಿತ್ತು. ವಲ್ಕನ್ ಅಂಥ ಭರವಸೆ ಕೊಡುವುದಿಲ್ಲ. ಆಗ ಹಿಂದಿನ ಪ್ರೋಗ್ರಾಮ್ ಬಿಟ್ಟುಹೋದ ಬಣ್ಣದ ಚೂರುಗಳು ನೆಲದ ಮೇಲೋ ಆಕಾಶದಲ್ಲೋ ಚೆಲ್ಲಿಕೊಳ್ಳುತ್ತವೆ. ಪ್ರತಿ ಬಾರಿ ಆರಂಭಿಸಿದಾಗಲೂ ಕಸದ ವಿನ್ಯಾಸ ಬೇರೆಯಾಗಿದ್ದರೆ ಕಾರಣ ಇದೇ ಇರಬಹುದು. ಎಎಂಡಿ ಕಾರ್ಡುಗಳಿಗೆ ಮೆಸಾ ಒದಗಿಸುವ ವಲ್ಕನ್ ಡ್ರೈವರಾದ ರ‍್ಯಾಡ್‌ವಿಯಲ್ಲಿ, ಕೊಡುವ ಮೆಮೊರಿಯನ್ನೆಲ್ಲ ಸೊನ್ನೆ ಮಾಡಿಯೇ ಕೊಡು ಎಂದು ಹೇಳಬಹುದು. ಹಾಗೆ ಹೇಳಿದಾಗ ಕಸ ಮಾಯವಾದರೆ ಅನುಮಾನ ಖಾತ್ರಿಯಾಯಿತು. ಲಿನಕ್ಸ್‌ನಲ್ಲಿ ಕಂಡ ದೋಷವೆಲ್ಲ ಲಿನಕ್ಸ್‌ನ ದೋಷವಲ್ಲ.

ಮೂರನೆಯ ಬಗೆಯ ದೂರು: ಚಿತ್ರ ಚೆನ್ನಾಗಿದೆ, ಆದರೆ ಎಡವುತ್ತದೆ. ಸೆಕೆಂಡಿಗೆ 60 ಫ್ರೇಮು ಬೇಕೆಂದರೆ ಒಂದಕ್ಕೆ ಸಿಗುವ ಕಾಲ 16.7 ಮಿಲಿಸೆಕೆಂಡ್. ಹೊಸ ಶತ್ರು ಎದುರಾದಾಗ, ಮೊದಲ ಸಿಡಿತದಲ್ಲಿ, ಹೊಸ ಊರಿನ ಬಾಗಿಲು ದಾಟುವಾಗ ಆಟ ಅರೆಗಳಿಗೆ ಸ್ತಬ್ಧವಾಗುತ್ತದೆ. ಡೈರೆಕ್ಟ್3ಡಿ 11ರಲ್ಲಿ ಶೇಡರ್‌ಗಳನ್ನು ಮೊದಲೇ ಕೊಟ್ಟಿದ್ದರೂ ಅವನ್ನು ಯಾವುದರ ಜೊತೆ ಹೇಗೆ ಬಳಸುತ್ತೇನೆ ಎಂಬುದನ್ನು ಆಟ ಬಿಡಿಸುವ ಗಳಿಗೆಯಲ್ಲಿ ಹೇಳುತ್ತದೆ. ವಲ್ಕನ್‌ಗೆ ಎಲ್ಲ ವಿವರವೂ ಮುಂಚೆಯೇ ಬೇಕು, ಆಮೇಲಷ್ಟೇ ಕಾರ್ಡಿನ ಭಾಷೆಗೆ ಕಂಪೈಲ್ ಮಾಡುತ್ತದೆ. ನಡುವೆ ಸಿಕ್ಕಿದ ಡಿಎಕ್ಸ್‌ವಿಕೆ ಆಟವನ್ನು ತಡೆದು ನಿಲ್ಲಿಸಿ ಕಂಪೈಲ್ ಮಾಡಿಸಬೇಕಾಗುತ್ತಿತ್ತು. ಶೇಡರ್‌ಗಳನ್ನು ತುಂಡುತುಂಡಾಗಿ ಮೊದಲೇ ಕಂಪೈಲ್ ಮಾಡಿ ಕೊನೆಗಳಿಗೆಯಲ್ಲಿ ಜೋಡಿಸಿಕೊಳ್ಳಲು ಬಿಡುವ ವಿಸ್ತರಣೆಯೊಂದು 2022ರಲ್ಲಿ ವಲ್ಕನ್‌ಗೆ ಸೇರಿತು. ಅದನ್ನು ಬಳಸತೊಡಗಿದ ಮೇಲೆ ಈ ಎಡವು ಬಹಳ ಕಡಿಮೆಯಾಗಿದೆ. ಎಡವಿನ ಕಾರಣ ಶೇಡರ್ ಹೌದೋ ಅಲ್ಲವೋ ಎಂದು ತಿಳಿಯಲು ಯಾವ ಉಪಕರಣವೂ ಬೇಡ. ಅದೇ ಬೀದಿಯಲ್ಲಿ ಮತ್ತೊಮ್ಮೆ ನಡೆದುಬನ್ನಿ. ಎರಡನೆಯ ಸಲ ಸಲೀಸಾಗಿದ್ದರೆ ಶೇಡರ್. ಎರಡನೆಯ ಸಲವೂ ಅಲ್ಲಿಯೇ ಮುಗ್ಗರಿಸಿದರೆ ಕಾರ್ಡಿನ ಮೆಮೊರಿ ತುಂಬಿರಬಹುದು, ಡಿಸ್ಕ್ ನಿಧಾನವಿರಬಹುದು. ಆಗ ಕಂಪೈಲ್ ಮಾಡಿಟ್ಟ ಶೇಡರ್‌ಗಳ ಸಂಗ್ರಹವನ್ನು ಅಳಿಸಿ ಫಲವಿಲ್ಲ.

ಆಟದ ನಡುವೆ ಬರುವ ವಿಡಿಯೊ ಜಾಗದಲ್ಲಿ ಮಾತ್ರ ಟಿವಿಯ ಪರೀಕ್ಷಾ ಚಿತ್ರದಂಥ ಬಣ್ಣದ ಪಟ್ಟಿಗಳು ಕಂಡರೆ ಕಾರ್ಡನ್ನೂ ಡ್ರೈವರನ್ನೂ ಅವುಗಳ ಪಾಡಿಗೆ ಬಿಡಿ. ಆ ವಿಡಿಯೊವನ್ನು ಬಿಡಿಸಿ ಓದುವ ಕೋಡೆಕ್ ಇಲ್ಲದಾಗ ಪ್ರೋಟಾನ್ ತೋರಿಸುವ ಬದಲಿ ಚಿತ್ರ ಅದು. ಹಲವು ಕೋಡೆಕ್‌ಗಳು ಪೇಟೆಂಟಿನ ಬೇಲಿಯೊಳಗಿವೆ.

ಆಟ ನೆಟ್ಟಗೆ ಓಡುತ್ತಿದ್ದು ಇಡೀ ಪರದೆಯೇ ಕಲ್ಲಾದರೆ ಆಟದ ಲಾಗ್ ಕಡತಕ್ಕಿಂತ ಮೊದಲು ಕರ್ನಲ್‌ನ ಲಾಗ್ ಓದಬೇಕು. ಎಎಂಡಿ ಕಾರ್ಡಾದರೆ ಗ್ರಾಫಿಕ್ಸ್ ರಿಂಗ್ ಟೈಮ್‌ಔಟ್ ಎಂಬ ಸಾಲು ಸಿಗುತ್ತದೆ, ಅಂದರೆ ಕಳಿಸಿದ ಕೆಲಸವನ್ನು ಕಾರ್ಡ್ ಹೊತ್ತಿಗೆ ಸರಿಯಾಗಿ ಮುಗಿಸಲಿಲ್ಲ. ಎನ್‌ವಿಡಿಯಾ ಎಕ್ಸ್‌ಐಡಿ ಎಂಬ ಸಂಖ್ಯೆಗಳಲ್ಲಿ ಮಾತಾಡುತ್ತದೆ. 31 ಎಂದಿದ್ದರೆ ತನ್ನದಲ್ಲದ ಮೆಮೊರಿ ವಿಳಾಸಕ್ಕೆ ಕೈಹಾಕಲಾಗಿದೆ, ಹೆಚ್ಚಾಗಿ ತಂತ್ರಾಂಶದ ತಪ್ಪು. 79 ಎಂದಿದ್ದರೆ ಕಾರ್ಡನ್ನು ಯಂತ್ರಕ್ಕೆ ಜೋಡಿಸುವ ಬಸ್ ಎಂಬ ಸಂಪರ್ಕದಿಂದ ಕಾರ್ಡೇ ಕಳಚಿಕೊಂಡಿದೆ. ಆಗ ವೈನ್‌ನಲ್ಲಿ ಹುಡುಕುವುದು ದಂಡ. ಪವರ್ ಸಪ್ಲೈ, ಕಾವು, ಸ್ಲಾಟ್ ಇವುಗಳ ಕಡೆ ನೋಡಬೇಕು.

ಇಷ್ಟೆಲ್ಲ ಮಾಡಿಯೂ ಬಗೆಹರಿಯದ್ದು ಉಳಿಯುತ್ತದೆ. ಅದನ್ನು ಆ ತಂತ್ರಾಂಶ ಬರೆದವರ ಮುಂದೆ ಇಡಬೇಕು, ಮತ್ತು ಇಡುವುದಕ್ಕೂ ಒಂದು ರೀತಿಯಿದೆ. ಮೊದಲನೆಯದು, ಅಂಟಿಸಿಕೊಂಡಿರುವ ಸೆಟ್ಟಿಂಗ್‌ಗಳನ್ನೆಲ್ಲ ತೆಗೆದು ಆಟ ಮತ್ತೆ ಓಡಿಸುವುದು. ಒಂದು ಸಲಕ್ಕೆ ಒಂದನ್ನೇ ಬದಲಿಸಿದರೆ ಮಾತ್ರ ಯಾವುದರಿಂದ ಏನಾಯಿತೆಂದು ಹೇಳಲು ಬರುತ್ತದೆ. ಆಮೇಲೆ, ಹಿಂದೆ ಯಾವ ಆವೃತ್ತಿಯಲ್ಲಿ ಸರಿಯಿತ್ತು ಎಂದು ಹುಡುಕುವುದು. ವೈನ್‌ನ ಅಭಿವೃದ್ಧಿ ಆವೃತ್ತಿ ಸುಮಾರು ಎರಡು ವಾರಕ್ಕೊಮ್ಮೆ ಬರುತ್ತದೆ. ಸರಿಯಿದ್ದ ಆವೃತ್ತಿಗೂ ಕೆಟ್ಟ ಆವೃತ್ತಿಗೂ ನಡುವೆ 1,000 ಬದಲಾವಣೆಗಳಿವೆ ಎನ್ನಿ. ನಟ್ಟನಡುವಿನದನ್ನು ಕಟ್ಟಿ ಓಡಿಸಿ ನೋಡಿದರೆ ಅರ್ಧ ಹೊರಗಾಯಿತು, ಉಳಿದರ್ಧದ ನಡುವಿನದನ್ನು ನೋಡಿದರೆ ಕಾಲು ಉಳಿಯಿತು. ಹೀಗೆ ಹೆಚ್ಚೆಂದರೆ 10 ಹೆಜ್ಜೆಗೆ ತಪ್ಪು ನುಸುಳಿದ ಆ ಒಂದೇ ಬದಲಾವಣೆ ಸಿಕ್ಕಿಬೀಳುತ್ತದೆ. ಪ್ರೋಗ್ರಾಮಿಂಗ್ ಬಾರದವರೂ ಮಾಡಬಹುದಾದ ಕೆಲಸವಿದು, ಬೇಕಾದದ್ದು ಒಂದು ಸಂಜೆಯ ಬಿಡುವು.

ಇದಕ್ಕಿಂತ ಬೆಲೆಯುಳ್ಳದ್ದು ಟ್ರೇಸ್. ಎಪಿಐಟ್ರೇಸ್ ಎಂಬ ಉಪಕರಣ ಆಟ ಡೈರೆಕ್ಟ್3ಡಿಗೆ ಹೇಳಿದ ಪ್ರತಿಯೊಂದು ಮಾತನ್ನೂ, ಕೊಟ್ಟ ಪ್ರತಿಯೊಂದು ಚಿತ್ರ ಮತ್ತು ಶೇಡರನ್ನೂ ಒಂದು ಕಡತದಲ್ಲಿ ಬರೆದಿಡುತ್ತದೆ. ಆ ಕಡತವನ್ನು ಆಟವೇ ಇಲ್ಲದ ಯಂತ್ರದಲ್ಲಿ ಮರಳಿ ಓಡಿಸಬಹುದು. ಬೆಂಗಳೂರಿನ ಹಾಸ್ಟೆಲ್ ಕೋಣೆಯೊಂದರಲ್ಲಿ ಕಂಡ ಕಪ್ಪು ಚೌಕ, ಆ ಆಟವನ್ನು ಎಂದೂ ಕೊಳ್ಳದ ಜರ್ಮನಿಯ ಪ್ರೋಗ್ರಾಮರ್ ಒಬ್ಬರ ಪರದೆಯ ಮೇಲೂ ಅದೇ ಜಾಗದಲ್ಲಿ ಮೂಡುತ್ತದೆ. ಅವರು ಅದನ್ನು ಎಎಂಡಿ ಕಾರ್ಡಿನಲ್ಲೂ ಎನ್‌ವಿಡಿಯಾ ಕಾರ್ಡಿನಲ್ಲೂ ಓಡಿಸುತ್ತಾರೆ. ಎರಡರಲ್ಲೂ ಕಂಡರೆ ಅನುವಾದಕದ ತಪ್ಪಿರಬೇಕು, ಒಂದರಲ್ಲಷ್ಟೇ ಕಂಡರೆ ಡ್ರೈವರಿನ ಮೇಲೆ ಅನುಮಾನ, ವಿಂಡೋಸ್‌ನಲ್ಲೂ ಕಂಡರೆ ಬಹುಶಃ ಆಟದ್ದೇ. ಬಳಿಕ ರೆಂಡರ್‌ಡಾಕ್‌ನಂಥ ಉಪಕರಣದಲ್ಲಿ ಒಂದೇ ಫ್ರೇಮನ್ನು ನಿಲ್ಲಿಸಿ, ಆ ಕಪ್ಪು ಪಿಕ್ಸೆಲ್ ಮೇಲೆ ಬೆರಳಿಟ್ಟು, ಅದನ್ನು ಮುಟ್ಟಿಹೋದ ಡ್ರಾ ಕರೆಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸುತ್ತಾರೆ. ಎಲ್ಲೋ ಒಂದು ಕಡೆ ಬಣ್ಣದ ಬೆಲೆ 0.42 ಇದ್ದದ್ದು ಮುಂದಿನ ಕರೆಯಲ್ಲಿ ನ್ಯಾನ್ ಆಗಿರುತ್ತದೆ. ತಪ್ಪು ಅಲ್ಲಿದೆ. ತಿದ್ದುಪಡಿ ಎಷ್ಟೋ ಸಲ ಎರಡು ಮೂರು ಸಾಲು.

ಮೆಸಾದವರು ಟ್ರೇಸ್‌ಗಳಿಗೆ ಇನ್ನೊಂದು ಉಪಯೋಗವನ್ನೂ ಕಂಡುಕೊಂಡಿದ್ದಾರೆ. ತಮ್ಮ ಸ್ವಯಂಚಾಲಿತ ಪರೀಕ್ಷೆಗಳಲ್ಲಿ ಹಲವು ಟ್ರೇಸ್‌ಗಳನ್ನು ಸೇರಿಸಿಟ್ಟಿದ್ದಾರೆ. ಯಾರಾದರೂ ಡ್ರೈವರಿನಲ್ಲಿ ಬದಲಾವಣೆ ಮಾಡಲು ಬಂದರೆ ನಿಜವಾದ ಕಾರ್ಡುಗಳ ಮೇಲೆ ಅವು ಮತ್ತೆ ಓಡುತ್ತವೆ, ಮೂಡಿದ ಚಿತ್ರ ಹಿಂದಿನದಕ್ಕೆ ಹೊಂದುತ್ತದೆಯೇ ಎಂದು ಯಂತ್ರವೇ ತಾಳೆ ನೋಡುತ್ತದೆ. ಹೊಂದದಿದ್ದರೆ ಪರೀಕ್ಷೆ ಫೇಲು. ಆ ಬದಲಾವಣೆ ಅಲ್ಲಿಯೇ ನಿಲ್ಲುತ್ತದೆ, ಯಾರ ಪರದೆಗೂ ಬರುವುದಿಲ್ಲ.